ಪಡುವಣ ಗಾಳಿಯ ತಂಪೂ ಊರ ಹಿರಿಯರ ಹೊಣೆಯೂ

ಬೇಸಿಗೆಯ ಕಡೆಯ ದಿನಗಳಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಒಕ್ಕಲಿಗರು ಸಾಯಂಕಾಲವಾಗುತ್ತಲೆ ಪಡುವಣದ ಕಡೆಗೆ ನೋಡುವುದುಂಟು. ಆ ದಿಕ್ಕಿನಿಂದ ತಣ್ಣನೆಯ ಗಾಳಿ ಸುಳಿದರೆ ಬಿಸಿಲಿನ ಕಾಟ ತೀರಿತೆಂದು ಸಮಾಧಾನಪಡುವರು. ಈ ಸಮಾಧಾನವು ಸಹಜವಾದುದೇ. ಆದರೆ ಒಂದೂರಿನ ತಂಪನ್ನು ನೋಡಿ ನಾಡಿಗೆಲ್ಲ ತಂಪಾಯಿತೆಂದು ತಿಳಿಯುವುದು ತಪ್ಪೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಕಾರಣವು ನೆಲದ ಇಳಿಜಾರಿನಲ್ಲಿಯೇ ಇದೆ. ಹಗಲಿನಲ್ಲಿ ಭೂಮಿಯು ಸಮುದ್ರಕ್ಕಿಂತ ಬೇಗ ಕಾಯುವುದರಿಂದ ಅರಬ್ಬೀ ಸಮುದ್ರದ ತಂಪುಗಾಳಿಯು ಒಳನಾಡಿಗೆ ನುಗ್ಗುತ್ತದೆ. ಅದು ಸಹ್ಯಾದ್ರಿಯನ್ನು ಹತ್ತಿ ಇಳಿದು ಮೊದಲು ಹುಕ್ಕೇರಿಯ ಕಡೆಗೆ ಬರುತ್ತದೆ. ಅಲ್ಲಿಂದ ಮೂಡಲಿಗೆ ನೆಲವು ತಗ್ಗುತ್ತ ಹೋಗುವುದು. ಹಿಡಕಲ್ಲಿನಿಂದ ಹರಿದು ಗೋಕಾಕದ ಬಳಿ ಸುಮಾರು 170 ಅಡಿ ಧುಮುಕುವ ಘಟಪ್ರಭೆಯೇ ಇದಕ್ಕೆ ಸಾಕ್ಷಿ. ಒಣಗಾಳಿಯು 100 ಮೀಟರು ಇಳಿದರೆ ಸುಮಾರು ಒಂದು ಡಿಗ್ರಿ ಕಾಯುತ್ತದೆ. ಕಾದ ಎರೆಭೂಮಿಯೂ ಅದರ ತಂಪನ್ನು ಕಸಿದುಕೊಳ್ಳುತ್ತದೆ. ಇತ್ತ ಗೋಕಾಕದ ಕಲ್ಲುಗುಡ್ಡಗಳು ಹಗಲು ಹೀರಿದ ಕಾವನ್ನು ರಾತ್ರಿ ಹೊರಸೂಸುವವು. ಆದುದರಿಂದ ಹುಕ್ಕೇರಿಯಲ್ಲಿ ಹಾಯೆನಿಸಿದ ಗಾಳಿಯು ಮೂಡಲಗಿಯನ್ನು ಮುಟ್ಟುವಷ್ಟರಲ್ಲಿ ಬಡವಾಗಿರಬಹುದು.

ಗಾಳಿಯೊಡನೆ ಬರುವ ಅಡ್ಡಮಳೆಯ ನಡತೆಯೂ ಇಂಥದೇ. ಒಂದು ಶಿವಾರವು ನೆನೆದರೆ ಮಗ್ಗುಲ ಶಿವಾರದಲ್ಲಿ ಧೂಳು ಏಳುತ್ತಿರುವುದು. ಇದಲ್ಲದೆ ಗಾಳಿಯಲ್ಲಿ ತೇವವು ಹೆಚ್ಚಿದಾಗ ಬೆವರು ಆರದೆ, ಉಷ್ಣಮಾಪಕದ ಅಂಕೆ ಇಳಿದರೂ ಮೈಯ ಬೇಗೆ ಇಳಿಯದು. ಎದೆಯುದ್ದ ಬೆಳೆದ ಕಬ್ಬಿನೊಳಗೆ ನೀರು ಹಾಯಿಸುವ, ರವದಿ ಸುಲಿಯುವ ಆಳಿಗೆ ಪಡುವಣ ಗಾಳಿಯು ಸೋಕುವುದೇ ಇಲ್ಲ. ಬೆವರು ಕಡಿಮೆಯಾಗಿರುವ, ಕರಿದೊಗಲಿನ ಎಮ್ಮೆಗೆ ನೀರೂ ನೆರಳೂ ದೊರೆಯದಿದ್ದರೆ ಹಾಲು ಇಳಿಯುವುದಲ್ಲದೆ ಜೀವಕ್ಕೂ ಅಪಾಯವುಂಟು.

ಬಯಲುಸೀಮೆಯಲ್ಲಿ ಹಗಲಿನ ಉಷ್ಣವು 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿದರೆ ಅದನ್ನು ಉಷ್ಣ ಅಲೆಯೆಂದು ಭಾರತ ಹವಾಮಾನ ಇಲಾಖೆಯವರು ಎಣಿಸುತ್ತಾರೆ. 2024ರ ಬೇಸಿಗೆಯಲ್ಲಿ ನಮ್ಮ ಉತ್ತರ ಒಳನಾಡಿಗೆ ಅಂಥ ಎಚ್ಚರಿಕೆಯು ಬಂದಿತ್ತು. ಇಂಥ ಎಚ್ಚರಿಕೆಯು ಜಿಲ್ಲೆಗೆ ಒಂದಾಗಿ ಬರುತ್ತದೆ. ಬೇಗೆಯಾದರೋ ಹೊಲಹೊಲಕ್ಕೆ ಬೇರೆ. ಈ ಅಂತರವನ್ನು ತುಂಬತಕ್ಕವರು ಊರ ಹಿರಿಯರೇ.

ಆದುದರಿಂದ ನೆರೆಯೂರಿನಲ್ಲಿ ಮಳೆಯಾಯಿತೆಂದು ನಮ್ಮೂರಿನ ಅರವಟ್ಟಿಗೆಯನ್ನು ಎತ್ತಬಾರದು. ದನಗಳ ನೀರಿನ ತೊಟ್ಟಿಯನ್ನು ಒಣಗಬಿಡಬಾರದು. ಮಧ್ಯಾಹ್ನ 12ರಿಂದ 3 ಗಂಟೆಯ ವರೆಗೆ ಆಳುಗಳನ್ನೂ ಎತ್ತುಗಳನ್ನೂ ಬಿಸಿಲಿಗೆ ಹೂಡದೆ, ನಸುಕಿನಲ್ಲಿ ಕೆಲಸವನ್ನು ಆರಂಭಿಸಬೇಕು. ಇದರಿಂದ ಕೆಲಸ ಕುಂದುವುದೆಂದು ಕೆಲವು ಜಮೀನುದಾರರು ಆಕ್ಷೇಪಿಸುವರು. ಆದರೆ ಬಿಸಿಲು ಬಡಿದು ಮಲಗಿದ ಆಳಿನಿಂದ ಆಗುವ ಕೆಲಸವೆಷ್ಟು? ವಿಶ್ರಾಂತಿಯ ಹೊತ್ತಿಗಾಗಿ ಕೂಲಿಯನ್ನು ಮುರಿದುಕೊಂಡರೆ ಬಡವನು ಬಿಸಿಲಿನಲ್ಲಿಯೇ ದುಡಿಯುವನು. ನಿಯಮವು ಮಾತಾಗಿಯೇ ಉಳಿಯುವುದು. ಬಿತ್ತಿಗೆಯಲ್ಲಿಯೂ ಅವಸರ ಸಲ್ಲದು. ಒಂದು ಅಡ್ಡಮಳೆಗೆ ಮೇಲ್ಮಣ್ಣು ನೆನೆದ ಮಾತ್ರಕ್ಕೆ ಬೀಜ ಚೆಲ್ಲಿದರೆ ಮೊಳಕೆಯು ಮರಳಿ ಬರುವ ಬಿಸಿಲಿಗೆ ಸುಡುವುದು.

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯು ಕಣಕ್ಕೆ ಒಪ್ಪುವುದು. ಆದರೆ ಗಾಳಿಯು ಎಲ್ಲ ಕಣಗಳಲ್ಲಿಯೂ ಒಂದೇ ಹೊತ್ತಿಗೆ ಬೀಸುವುದಿಲ್ಲ. ತನ್ನ ಕಟ್ಟೆಯ ಮೇಲೆ ತಂಪಿನಲ್ಲಿ ಕುಳಿತ ಗೌಡನು, ಕಬ್ಬಿನೊಳಗಿರುವವನಿಗೂ ಆ ತಂಪು ಮುಟ್ಟಿತೇ ಎಂದು ಒಮ್ಮೆ ಎದ್ದು ಹೋಗಿ ನೋಡುವುದು ಹಿರಿತನಕ್ಕೆ ತಕ್ಕುದು.