ಐದು ಹಳದಿ ಎನ್ನುವ ಮಗು

ನೆಲಮಂಗಲದ ಮಗ್ಗುಲಲ್ಲಿರುವ ಅರಿಶಿನಕುಂಟೆಯ ಹೆಸರನ್ನು ಓದುವಾಗ ಕನ್ನಡಿಗರ ಮನಸ್ಸಿನಲ್ಲಿ ಹಳದಿ ಬಣ್ಣ ಸುಳಿದರೆ ಅಚ್ಚರಿಯಿಲ್ಲ. ಅದು ಪದದ ಅರ್ಥ ತಂದ ಬಣ್ಣ. ಆದರೆ ಅದೇ ಹೆಸರನ್ನು ಓದುವ ಕೆಲವರಿಗೆ ‘ಅ’ ಕೆಂಪಾಗಿಯೂ ‘ರಿ’ ನೀಲಿಯಾಗಿಯೂ ತೋರಬಹುದು. ಅವರಿಗೆ ಅಕ್ಷರಕ್ಕೇ ಬಣ್ಣವಿದೆ. ಒಂದು ಸಂವೇದನೆ ಇನ್ನೊಂದನ್ನು ತಾನಾಗಿಯೇ ಎಬ್ಬಿಸುವ ಈ ಸ್ಥಿತಿಯನ್ನು ವಿಜ್ಞಾನಿಗಳು ಸಿನೆಸ್ತೇಶಿಯಾ ಎನ್ನುತ್ತಾರೆ. ಕೆಲವರಿಗೆ ಸ್ವರಗಳು ಬಣ್ಣವಾಗಿ ಕಾಣುತ್ತವೆ. ಅಪರೂಪಕ್ಕೆ ಪದಗಳಿಗೆ ರುಚಿಯೂ ಇರುತ್ತದೆ.

ಇದು ಕಾಯಿಲೆಯಲ್ಲ, ಕವಿಕಲ್ಪನೆಯೂ ಅಲ್ಲ. ‘ಸಿಹಿ ಮಾತು’, ‘ಖಾರವಾದ ಉತ್ತರ’ ಎಂದು ನಾವೆಲ್ಲರೂ ಹೇಳುತ್ತೇವೆ. ನಾಲಿಗೆಗೆ ರುಚಿ ತಟ್ಟುವುದಿಲ್ಲ. ನಾಟ್ಯಶಾಸ್ತ್ರವು ರೌದ್ರಕ್ಕೆ ಕೆಂಪನ್ನೂ ಹಾಸ್ಯಕ್ಕೆ ಬಿಳಿಯನ್ನೂ ಗೊತ್ತುಮಾಡಿದೆ. ಅದು ಎಲ್ಲರೂ ಒಪ್ಪಿದ ಸಂಕೇತ. ಸಿನೆಸ್ತೇಶಿಯಾದ ಬಣ್ಣಗಳಾದರೋ ಒಬ್ಬೊಬ್ಬರಿಗೆ ಒಂದೊಂದು ಬಗೆ. ಆದರೆ ಅವರವರ ಮಟ್ಟಿಗೆ ಅವು ವರ್ಷಗಳುರುಳಿದರೂ ಬಹುಪಾಲು ಹಾಗೆಯೇ ಉಳಿಯುತ್ತವೆ.

ಫ್ರಾನ್ಸಿಸ್ ಗಾಲ್ಟನ್ 1880ರ ದಶಕದಲ್ಲೇ ಇಂಥವರ ಅನುಭವಗಳನ್ನು ದಾಖಲಿಸಿದ್ದರು. ತಮಿಳುನಾಡು ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಕ್ಷರಗಳ ಗುಂಪಿನೊಳಗೆ ಅಡಗಿಸಿದ ಆಕಾರಗಳನ್ನು ಇಂಥವರು ಬಣ್ಣದ ನೆರವಿನಿಂದ ಇತರರಿಗಿಂತ ಚೆನ್ನಾಗಿ ಗುರುತಿಸಿದರು. ಮಿದುಳಿನಲ್ಲಿ ಅಕ್ಷರಗಳನ್ನು ಗ್ರಹಿಸುವ ಭಾಗವೂ ಬಣ್ಣವನ್ನು ಗ್ರಹಿಸುವ ಭಾಗವೂ ನೆರೆಹೊರೆಯಲ್ಲಿದ್ದು, ಒಂದು ಇನ್ನೊಂದನ್ನು ಪ್ರಚೋದಿಸುತ್ತದೆ ಎಂಬುದು ಅವರ ವಿವರಣೆ. ಬ್ರಿಟನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನೂರರಲ್ಲಿ ಸುಮಾರು ನಾಲ್ವರಿಗೆ ಇದರ ಯಾವುದಾದರೊಂದು ರೂಪವಿರುತ್ತದೆ. ಈ ಲೆಕ್ಕ ನಮಗೂ ಹೊಂದುವುದಾದರೆ, ಐವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಇದ್ದಾರು.

ಆ ಇಬ್ಬರ ದಿನಚರಿ ಹೇಗಿದ್ದೀತು? ದೂರವಾಣಿ ಸಂಖ್ಯೆ ಬಣ್ಣಗಳ ಸಾಲಾಗಿ ನೆನಪಿನಲ್ಲಿ ನಿಂತೀತು. ಗೋಡೆಯ ಮೇಲಿನ ವರ್ಣಮಾಲೆಯಲ್ಲಿ ‘ತಪ್ಪು’ ಬಣ್ಣ ಬಳಿದ ಅಕ್ಷರ ಕಿರಿಕಿರಿ ತಂದೀತು. ಕಾದಂಬರಿಕಾರ ನಬೊಕೊವ್ ಬಾಲ್ಯದಲ್ಲಿ ಆಟಿಕೆಯ ಅಕ್ಷರಗಳ ಬಣ್ಣಗಳೆಲ್ಲ ತಪ್ಪಾಗಿವೆ ಎಂದು ತಾಯಿಗೆ ದೂರಿದ್ದರು. ಆ ತಾಯಿಗೂ ಅಕ್ಷರಗಳು ಬಣ್ಣದಲ್ಲೇ ಕಾಣುತ್ತಿದ್ದುದರಿಂದ ಮಗನ ಮಾತು ಅರ್ಥವಾಯಿತು.

ಎಲ್ಲ ಮಕ್ಕಳಿಗೂ ಆ ಅದೃಷ್ಟವಿಲ್ಲ. ‘ಐದು ಹಳದಿ’ ಎಂದ ಮಗುವಿಗೆ ತರಗತಿಯಲ್ಲಿ ನಗೆಯೋ ಗದರಿಕೆಯೋ ದೊರೆತರೆ ಅದು ಮತ್ತೆ ಆ ಮಾತೆತ್ತುವುದಿಲ್ಲ. ತನ್ನಲ್ಲೇ ಏನೋ ಐಬಿದೆಯೆಂದು ಬಗೆಯುತ್ತದೆ. ಹಾಗೆಂದು ಅದನ್ನು ವೈದ್ಯರ ಬಳಿಗೆ ಎಳೆದೊಯ್ಯಬೇಕಿಲ್ಲ, ಬಾಲಪ್ರತಿಭೆಯೆಂದು ವೇದಿಕೆ ಹತ್ತಿಸಲೂಬೇಕಿಲ್ಲ. ಇಂಥದೊಂದು ಸಹಜ ಭಿನ್ನತೆ ಇದೆಯೆಂಬ ತಿಳಿವಳಿಕೆ ಶಿಕ್ಷಕರ ತರಬೇತಿಯಲ್ಲಿ ಸೇರಿದರೆ ಸಾಕು. ಇದರಿಂದ ನಮಗೂ ಲಾಭವುಂಟು. ಕನ್ನಡದ ೫ ಮತ್ತು ಇಂಗ್ಲಿಷ್ ಪಠ್ಯದ 5 ಒಂದೇ ಬಣ್ಣದವೇ? ಒತ್ತಕ್ಷರ ಸೇರಿದಾಗ ಬಣ್ಣ ಬದಲಾಗುವುದೇ? ಉತ್ತರಿಸಬಲ್ಲವರು ನಮ್ಮ ಶಾಲೆಗಳಲ್ಲೇ ಕುಳಿತಿರಬಹುದು. ಅವರು ಬಾಯಿ ಬಿಡುವಂತಾಗಬೇಕಾದರೆ ಮೊದಲು ನಾವು ನಗುವುದನ್ನು ಬಿಡಬೇಕು.