ಸಂಜೆ ಏಳರ ಲೆಕ್ಕ

ಕೊಚ್ಚಿಯ ಹೈಕೋರ್ಟ್ ಜೆಟ್ಟಿಯಲ್ಲಿ ವೈಪಿನ್ ಕಡೆಯ ವಾಟರ್ ಮೆಟ್ರೋದ ಬ್ಯಾಟರಿ ದೋಣಿ ಹತ್ತಿದರೆ ಮೊದಲು ಗಮನಕ್ಕೆ ಬರುವುದು ಅದರ ಮೌನ. ಹಳೆಯ ಬೋಟುಗಳ ಡೀಸೆಲ್ ವಾಸನೆ ಇಲ್ಲ, ಕಾಲಡಿ ಹಲಗೆ ನಡುಗುವುದಿಲ್ಲ, ಪಕ್ಕದವರೊಡನೆ ಕೂಗಿ ಮಾತಾಡಬೇಕಿಲ್ಲ. ಉಬ್ಬರವಿರಲಿ ಇಳಿತವಿರಲಿ, ತೇಲುವ ಜೆಟ್ಟಿಯೂ ದೋಣಿಯ ನೆಲವೂ ಒಂದೇ ಮಟ್ಟದಲ್ಲಿರುತ್ತವೆ. ನಾನು ಹೋದ ದಿನ ಊರುಗೋಲು ಹಿಡಿದ ಅಜ್ಜಿಯೊಬ್ಬರು ಯಾರ ಕೈಯ ಆಸರೆಯೂ ಇಲ್ಲದೆ ನಡೆದು ಬಂದು ಕಿಟಕಿ ಪಕ್ಕ ಕೂತರು. 2023ರ ಏಪ್ರಿಲ್ 25ರಂದು ಉದ್ಘಾಟನೆಯಾದ ಈ ಸೇವೆಯ ದೋಣಿಗಳನ್ನು ಕಟ್ಟಿದ್ದು ಅಲ್ಲೇ ಪಕ್ಕದ ಕೊಚ್ಚಿನ್ ಶಿಪ್‌ಯಾರ್ಡ್. ಹಣದಲ್ಲಿ ದೊಡ್ಡ ಪಾಲು ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲ. ಸಾಲ ಎಂಬುದನ್ನು ನೆನಪಿಡಬೇಕು, ಅದು ಶ್ರೀಮಂತ ದೇಶವೊಂದು ಕೊಟ್ಟ ಪರಿಹಾರವಲ್ಲ.

ಹವಾಮಾನದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದಗಳು ಜನರ ಬದುಕಿಗೆ ಇಳಿದರೆ ಹೇಗಿರುತ್ತದೆ ಎಂದು ಕೇಳುವವರನ್ನು ನಾನು ಈ ದೋಣಿಗೆ ಹತ್ತಿಸುತ್ತೇನೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಸಂಜೆ ಏಳರ ಹೊತ್ತಿಗೆ ದೋಣಿ ಚಾರ್ಜ್‌ಗೆ ನಿಂತಾಗ ಅದಕ್ಕೆ ಬರುವ ಕರೆಂಟು ಯಾವುದು?

ಕೊಚ್ಚಿ ಬಳಿಯ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣಕ್ಕೂ ಇದೇ ಪ್ರಶ್ನೆ ಸಲ್ಲುತ್ತದೆ. 2015ರ ಆಗಸ್ಟ್ 18ರಂದು 12 ಮೆಗಾವಾಟ್ ಸೌರ ಘಟಕ ಶುರುವಾಗಿ, ಪೂರ್ತಿ ಸೌರವಿದ್ಯುತ್ತಿನಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣ ಎಂಬ ಹೆಸರು ಅದಕ್ಕೆ ಬಂತು. ಹವಾಮಾನದ ಪ್ಯಾರಿಸ್ ಒಪ್ಪಂದಕ್ಕೆ ಆಗಿನ್ನೂ ನಾಲ್ಕು ತಿಂಗಳು ಬಾಕಿಯಿತ್ತು. 2018ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಸಿಕ್ಕಿತು. ಅದೇ ವರ್ಷದ ಆಗಸ್ಟ್ ಪ್ರವಾಹದಲ್ಲಿ ರನ್‌ವೇ ಮುಳುಗಿ ನಿಲ್ದಾಣ ಎರಡು ವಾರ ಮುಚ್ಚಿತ್ತು, ಸೌರ ಫಲಕಗಳೂ ಹಾಳಾದವು. ಅದೆಲ್ಲವನ್ನೂ ದಾಟಿ ಎದ್ದು ನಿಂತ ಸಂಸ್ಥೆ ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಶುರುವಿನಿಂದ ನಡೆದುಬಂದ ಏರ್ಪಾಡು ಹೀಗೆ: ಹಗಲು ಮಿಕ್ಕ ಕರೆಂಟನ್ನು ಕೇರಳ ವಿದ್ಯುತ್ ಮಂಡಳಿಯ ಗ್ರಿಡ್‌ಗೆ ಕೊಡುವುದು, ರಾತ್ರಿ ಬೇಕಾದ್ದನ್ನು ಅದೇ ಗ್ರಿಡ್‌ನಿಂದ ತೆಗೆದುಕೊಳ್ಳುವುದು. ವರ್ಷದ ಕೊನೆಗೆ ಕೊಟ್ಟದ್ದೂ ಪಡೆದದ್ದೂ ಸರಿಹೋಗುತ್ತವೆ. ಆದರೆ ರಾತ್ರಿ ಪಡೆದದ್ದು ಹಗಲು ಕೊಟ್ಟ ಬಿಸಿಲಲ್ಲ.

ದೇಶದ ವಾಗ್ದಾನದಲ್ಲಿಯೂ ಇದೇ ಬಿರುಕು ಇದೆ. 2022ರ ಆಗಸ್ಟ್‌ನಲ್ಲಿ ಭಾರತ ವಿಶ್ವಸಂಸ್ಥೆಗೆ ಕೊಟ್ಟ ಪರಿಷ್ಕೃತ ವಾಗ್ದಾನದಂತೆ 2030ಕ್ಕೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಶೇ 50ರಷ್ಟು ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳದ್ದಾಗಬೇಕು. 2025ರ ಮಧ್ಯದಲ್ಲೇ, ಐದು ವರ್ಷ ಮುಂಚಿತವಾಗಿ, ಆ ಗುರಿ ಮುಟ್ಟಿದೆವು. ಸಣ್ಣ ಸಾಧನೆಯಲ್ಲ. ಆದರೆ ಹಟ್ಟಿಯಲ್ಲಿ ಎಷ್ಟು ದನ ಇವೆ ಎಂಬುದು ಒಂದು ಲೆಕ್ಕ, ಸಂಜೆ ಎಷ್ಟು ಹಾಲು ಕರೆದೆವು ಎಂಬುದು ಇನ್ನೊಂದು. ನಿಜವಾಗಿ ಉತ್ಪಾದನೆಯಾಗುವ ಯೂನಿಟ್‌ಗಳನ್ನು ಎಣಿಸಿದರೆ ಸುಮಾರು ಮುಕ್ಕಾಲು ಪಾಲು ಇವತ್ತಿಗೂ ಕಲ್ಲಿದ್ದಲಿನದು.

ಕೇರಳದಲ್ಲಿ ಒಂದೂ ಕಲ್ಲಿದ್ದಲು ಸ್ಥಾವರವಿಲ್ಲ. ಕಾಸರಗೋಡಿನ ಚೀಮೇನಿಯಲ್ಲಿ ಕಟ್ಟುವ ಮಾತು ಎದ್ದು, ಜನ ವಿರೋಧಿಸಿ, ಅಲ್ಲಿಗೇ ನಿಂತಿತು. ಒಳ್ಳೆಯದೇ ಆಯಿತು. ಆದರೆ ರಾಜ್ಯ ಬಳಸುವ ಕರೆಂಟಿನ ಬಹುಪಾಲು ಹೊರಗಿನಿಂದ ಬರುತ್ತದೆ, ರಾಮಗುಂಡಂ, ತಾಲ್ಚೇರ್, ನೈವೇಲಿಯಂಥ ಕಲ್ಲಿದ್ದಲು ಸ್ಥಾವರಗಳ ಊರುಗಳಿಂದಲೂ. ಬೆಳಕು ಇಲ್ಲಿ, ಬೂದಿ ಅಲ್ಲಿ. 2050ಕ್ಕೆ ಇಂಗಾಲ ಸಮತೋಲನ ಸಾಧಿಸುತ್ತೇವೆ ಎಂದಿರುವ ರಾಜ್ಯ ಆ ಬೂದಿಯನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಎಲ್ಲಿಂದ ಎಷ್ಟು ಕರೆಂಟು ಎಂಬ ಲೆಕ್ಕ ಕ್ಷಣಕ್ಷಣಕ್ಕೂ ನಡೆಯುವುದು ಕೊಚ್ಚಿಯ ಕಳಮಶ್ಶೇರಿಯಲ್ಲಿ. ರಾಜ್ಯದ ಲೋಡ್ ಡಿಸ್ಪ್ಯಾಚ್ ಸೆಂಟರ್ ಇರುವುದು ಅಲ್ಲಿ. ಮಧ್ಯಾಹ್ನ ತಾರಸಿಗಳ ಸೌರವಿದ್ಯುತ್ತು ಹರಿದು ಬರುತ್ತದೆ, ಬೇಡಿಕೆ ಹಗುರಾಗುತ್ತದೆ. ಸೂರ್ಯ ಅರಬ್ಬಿ ಸಮುದ್ರಕ್ಕಿಳಿದದ್ದೇ ತಡ, ಲೈಟು, ಫ್ಯಾನು, ಏಸಿ, ಇಂಡಕ್ಷನ್ ಒಲೆ ಎಲ್ಲ ಒಟ್ಟಿಗೆ. 2024ರ ಬೇಸಿಗೆಯಲ್ಲಿ ಬೇಡಿಕೆ 5,700 ಮೆಗಾವಾಟ್ ದಾಟಿತ್ತು. ಸಂಜೆಯ ಆ ಹೊತ್ತಿಗೆಂದೇ 780 ಮೆಗಾವಾಟ್‌ನ ಇಡುಕ್ಕಿ ಜಲವಿದ್ಯುತ್ ಸ್ಥಾವರದ ನೀರನ್ನು ಹಿಡಿದಿಟ್ಟಿರುತ್ತಾರೆ. ಆದರೆ 2023ರಲ್ಲಿ ಮುಂಗಾರು ಶೇ 34ರಷ್ಟು ಕಡಿಮೆಯಾಯಿತು, ದುಬಾರಿ ಬೆಲೆಗೆ ಕರೆಂಟು ಕೊಳ್ಳಬೇಕಾಯಿತು. ಹವಾಮಾನ ಕೆಟ್ಟರೆ ಅದನ್ನು ಸರಿಪಡಿಸುವ ಸಾಧನವೂ ಕೈಕೊಡುತ್ತದೆ.

ನಮ್ಮ ಕಡೆಯ ಮಾತನ್ನೂ ಹೇಳಬೇಕು. ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಪೈವಳಿಕೆ, ಮೀಂಜ, ಚಿಪ್ಪಾರು, ಈ ಮೂರು ಕನ್ನಡದ ಊರುಗಳಲ್ಲಿ ಹರಡಿರುವ 250 ಎಕರೆಯಲ್ಲಿ 50 ಮೆಗಾವಾಟ್ ಸೌರ ಘಟಕವಿದೆ. 2021ರ ಫೆಬ್ರುವರಿ 19ರಂದು ಪ್ರಧಾನಿ ದೆಹಲಿಯಿಂದಲೇ ಅದನ್ನು ದೇಶಕ್ಕೆ ಅರ್ಪಿಸಿದರು. ಅದೇ ಸಮಾರಂಭದಲ್ಲಿ ತಮಿಳುನಾಡಿನ ಪುಗಲೂರಿನಿಂದ ತ್ರಿಶೂರಿಗೆ 2,000 ಮೆಗಾವಾಟ್ ತರುವ ತಂತಿ ಮಾರ್ಗವೂ ಉದ್ಘಾಟನೆಯಾಯಿತು. ಹೊರಗಿನ ಕರೆಂಟು ತರುವ ದಾರಿ 2,000ಕ್ಕೆ, ನಮ್ಮ ಬಿಸಿಲು 50ಕ್ಕೆ! ಅದೇ ಜಿಲ್ಲೆಯ ಮೈಲಾಟಿಯಲ್ಲಿ 125 ಮೆಗಾವಾಟನ್ನು ನಾಲ್ಕು ಗಂಟೆ ಕೊಡಬಲ್ಲ ಬ್ಯಾಟರಿ ಘಟಕಕ್ಕೆ ತೀರ್ಮಾನವಾಗಿರುವುದು ನನ್ನ ಮಟ್ಟಿಗೆ ದೊಡ್ಡ ಸುದ್ದಿ. ಇಂಥದ್ದು ಹತ್ತಾರು ಬೇಕು.

ಕೂಡಿಡುವುದಕ್ಕೂ ಬೆಲೆಯಿದೆ ಎಂಬುದು ಶರಾವತಿ ಕಣಿವೆಯ ಜನರಿಗೆ ಗೊತ್ತು. ಗೇರುಸೊಪ್ಪೆಯಿಂದ ತಲಕಳಲೆಗೆ ನೀರೆತ್ತಿ, ಬೇಕಾದಾಗ ಇಳಿಸಿ ಕರೆಂಟು ಮಾಡುವ 2,000 ಮೆಗಾವಾಟ್ ಯೋಜನೆ ಸಿಂಗಳೀಕಗಳ ಕಾಡನ್ನೇ ಕೇಳುತ್ತಿದೆ. ಅದಕ್ಕೇ ನನ್ನ ಒಲವು ಊರೂರಿನ ಸಬ್‌ಸ್ಟೇಷನ್ ಪಕ್ಕದ ಬ್ಯಾಟರಿಗಳ ಕಡೆಗೆ.

ತಾರಸಿಯ ಮೇಲೆ ಫಲಕ ಹಾಕಿಸಿದ ಮನೆಯವರ ಮೀಟರಿಗೆ ಯಾವ ನಿಯಮ, ಯಾವ ದರ ಎಂದು ತೀರ್ಮಾನವಾಗುವುದು ತಿರುವನಂತಪುರದಲ್ಲಿ, ವಿದ್ಯುತ್ ನಿಯಂತ್ರಣ ಆಯೋಗದಲ್ಲಿ. ಹಗಲು ಕೊಟ್ಟ ಅಗ್ಗದ ಯೂನಿಟ್ಟಿಗೆ ಸಂಜೆಯ ದುಬಾರಿ ಯೂನಿಟ್ ಕೊಡುವುದು ಹೇಗೆ ಎಂಬ ಮಂಡಳಿಯ ಅಳಲು ಸುಳ್ಳಲ್ಲ. ಹಾಗೆಂದು ಸಾಲ ಮಾಡಿ ಫಲಕ ಹಾಕಿದವರ ಮೇಲೆ ಆ ಹೊರೆ ಹಾಕಿದರೆ ನಾಳೆ ಯಾರು ಮುಂದೆ ಬರುತ್ತಾರೆ? ಬ್ಯಾಟರಿಯ ಖರ್ಚನ್ನು ಕೇಂದ್ರ ಹೊರಲಿ. ಪ್ಯಾರಿಸ್‌ನಲ್ಲಿ ಮಾತು ಕೊಟ್ಟದ್ದು ದೇಶ. ಮುಂದಿನ ವಾಗ್ದಾನಗಳಲ್ಲಿ ಸಾಮರ್ಥ್ಯದ ಜೊತೆಗೆ ಯೂನಿಟ್‌ಗಳ ಲೆಕ್ಕವೂ ಇರಲಿ. ತಡವಾದರೆ ಬೆಲೆ ತೆರುವವರು ಯಾರೆಂದು ನೋಡಲು ದೂರ ಹೋಗಬೇಕಿಲ್ಲ. ಅದೇ ತಿರುವನಂತಪುರದ ವಲಿಯತುರದಲ್ಲಿ ಕಡಲಿಗೆ ಮನೆ ಕಳೆದುಕೊಂಡ ಮೀನುಗಾರ ಕುಟುಂಬಗಳು ಗೋದಾಮಿನಲ್ಲಿ ವರ್ಷಗಟ್ಟಲೆ ದಿನ ದೂಡಿವೆ. ಕಡಲ ಕೊರೆತಕ್ಕೆ ಆ ಕರಾವಳಿಯಲ್ಲಿ ಕಟ್ಟಿದ ಬಂದರೇ ಕಾರಣವೋ ಏರುವ ಕಡಲೋ ಎಂಬ ವಾದ ನಡೆದೇ ಇದೆ. ಅವರ ಪಾಲಿಗೆ ಹೊತ್ತು ಮೀರಿದೆ.

ಏಳು ಗಂಟೆಗೆ ಗ್ರೈಂಡರ್ ಹಾಕಬೇಡಿ, ಮೂರಕ್ಕೇ ಅರೆದಿಡಿ ಎಂದು ಮನೆಯಲ್ಲಿ ಹೇಳಿ ನೋಡಿದೆ. ಈ ಸೆಕೆಗೆ ಹಿಟ್ಟು ಹುಳಿ ಬಂದು ದೋಸೆ ಕೆಡುತ್ತದೆ ಎಂದರು ಅಮ್ಮ. ಹೌದು, ಕೆಡುತ್ತದೆ. ಸಂಜೆಯ ಎಲ್ಲ ಕೆಲಸವನ್ನೂ ಹಗಲಿಗೆ ದೂಡಲಾಗದು. ಮಧ್ಯಾಹ್ನ ಪೈವಳಿಕೆಯ ಮುರಕಲ್ಲಿನ ಪದವಿನ ಮೇಲೆ ಸುರಿಯುವ ಬಿಸಿಲನ್ನೇ ಏಳು ಗಂಟೆಯವರೆಗೆ ಕಾಪಿಟ್ಟು ಅಮ್ಮನ ಗ್ರೈಂಡರಿಗೂ ವೈಪಿನ್‌ನ ದೋಣಿಗೂ ಮುಟ್ಟಿಸಬೇಕು.