ಅಕ್ಷರಕ್ಕೆ ಮೊದಲು ಮಾತು

ಶನಿವಾರದ ಕನ್ನಡ ತರಗತಿಗೆ ಮೂರು ವರ್ಷ ತಪ್ಪದೆ ಬಂದ ಮಗು ‘ಙ’ ಮತ್ತು ‘ಞ’ ಅಕ್ಷರಗಳನ್ನು ಅಂದವಾಗಿ ಬರೆಯುತ್ತದೆ. ‘ಅಜ್ಜಿ, ನನಗೆ ಹಸಿವಾಗಿದೆ’ ಎನ್ನಲು ತಡವರಿಸುತ್ತದೆ. ಇದು ಉತ್ಪ್ರೇಕ್ಷೆಯೆಂದು ಭಾವಿಸುವವರು ರಾಜ್ಯೋತ್ಸವದ ದಿನ ವೇದಿಕೆಯ ಹಿಂಭಾಗದಲ್ಲಿ ಐದು ನಿಮಿಷ ನಿಲ್ಲಲಿ. ವೇದಿಕೆಯ ಮೇಲೆ ಕಂಠಪಾಠದ ಕನ್ನಡ, ತೆರೆಯ ಹಿಂದೆ ಅಚ್ಚ ಇಂಗ್ಲಿಷು. ಇದಕ್ಕೆ ಮಕ್ಕಳು ಹೊಣೆಯಲ್ಲ. ವಾರಾಂತ್ಯದ ವಿಶ್ರಾಂತಿಯನ್ನು ತೊರೆದು ಪಾಠ ಹೇಳುವ ಸ್ವಯಂಸೇವಕರೂ ಹೊಣೆಯಲ್ಲ. ಭಾಷೆಯೆಂಬುದು ಅಕ್ಷರಮಾಲೆಯಿಂದ ಆರಂಭವಾಗುವ ಒಂದು ಪಠ್ಯವಿಷಯ ಎಂಬ ನಮ್ಮೆಲ್ಲರ ನಂಬಿಕೆಯೇ ಇದಕ್ಕೆ ಹೊಣೆ.

ಆ ನಂಬಿಕೆ ಅರ್ಧ ನೆನಪಿನಿಂದ ಹುಟ್ಟಿದ್ದು. ನಾವು ಊರಿನ ಶಾಲೆಯಲ್ಲಿ ‘ಅ ಆ ಇ ಈ’ ತಿದ್ದಿ ಕನ್ನಡ ಕಲಿತೆವೆಂದು ಹೇಳಿಕೊಳ್ಳುತ್ತೇವೆ. ವಾಸ್ತವದಲ್ಲಿ, ಸ್ಲೇಟು ಹಿಡಿಯುವ ವೇಳೆಗೆ ನಮ್ಮೊಳಗೆ ಐದು ವರ್ಷಗಳ ಮಾತು ತುಂಬಿತ್ತು. ಜಗಳ, ಮುನಿಸು, ಬೇಡಿಕೆ, ಸಣ್ಣಪುಟ್ಟ ಸುಳ್ಳು ಎಲ್ಲವನ್ನೂ ಕನ್ನಡದಲ್ಲಿಯೇ ನಿಭಾಯಿಸುತ್ತಿದ್ದೆವು. ಶಾಲೆ ನಮಗೆ ಕಲಿಸಿದ್ದು ಲಿಪಿಯನ್ನು, ಭಾಷೆಯನ್ನಲ್ಲ. ಇಲ್ಲಿ ಹುಟ್ಟಿದ ಮಗುವಿನಲ್ಲಿ ಆ ಬುತ್ತಿಯಿಲ್ಲ. ಅದರ ಮುಂದೆ 49 ಅಕ್ಷರಗಳನ್ನು, 34 ವ್ಯಂಜನಗಳ ಕಾಗುಣಿತವನ್ನು, ಮೇಲೊಂದಿಷ್ಟು ಒತ್ತಕ್ಷರಗಳನ್ನು ಸುರಿದರೆ ಮಗುವಿಗೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಭಾಷಾಂತರದ ಮೂಲಕ ಕಲಿತ ಮಗು ‘ನಾನು ಹಸಿವು ಇದ್ದೇನೆ’ ಎನ್ನುತ್ತದೆ. ನಾವು ನಕ್ಕು ತಿದ್ದುತ್ತೇವೆ. ಆದರೆ ಕನ್ನಡದಲ್ಲಿ ಹಸಿವು, ನಿದ್ದೆ, ಭಯ, ಇಷ್ಟ, ನೆನಪು ಎಲ್ಲವೂ ‘ನನಗೆ’ ಆಗುವಂಥವು. ಈ ಒಂದು ಚತುರ್ಥಿ ವಿಭಕ್ತಿಯಲ್ಲಿ ಕನ್ನಡದ ಮನೋಧರ್ಮವೇ ಅಡಗಿದೆ. ಅದನ್ನು ಕೋಷ್ಟಕ ಬರೆದು ಕಲಿಸಲು ಎಷ್ಟು ಶನಿವಾರಗಳು ಬೇಕೋ ತಿಳಿಯದು. ಊಟದ ಹೊತ್ತಿಗೆ ‘ನಿನಗೆ ಹಸಿವಾಯಿತೇ? ನಿನಗೆ ಯಾವುದು ಬೇಕು?’ ಎಂದು ದಿನವೂ ಕೇಳಿಸಿಕೊಳ್ಳುವ ಮಗುವಿಗೆ ಆ ಕೋಷ್ಟಕದ ಅಗತ್ಯವೇ ಬೀಳುವುದಿಲ್ಲ.

ವೈದ್ಯೆಯಾದ ನನಗೆ ಪ್ರಮಾಣದ ಲೆಕ್ಕ ಅಭ್ಯಾಸವಾಗಿದೆ. ವಾರಕ್ಕೆ ಎರಡು ಗಂಟೆ, ವರ್ಷಕ್ಕೆ 30 ವಾರ ಎಂದರೆ 60 ಗಂಟೆ. ದಿನಕ್ಕೆ 12 ಗಂಟೆ ಎಚ್ಚರವಿರುವ ಮಗುವಿಗೆ ವರ್ಷದಲ್ಲಿ 4,380 ಎಚ್ಚರದ ಗಂಟೆಗಳಿವೆ. ಶೇಕಡಾ 1.4ರಷ್ಟು ಪ್ರಮಾಣದ ಔಷಧ ಕೊಟ್ಟು ರೋಗಿಯನ್ನು ದೂರುವ ವೈದ್ಯರನ್ನು ನೀವು ಒಪ್ಪುವಿರಾ?

ವಿಜ್ಞಾನವೂ ಇಲ್ಲಿ ಮೌನವಾಗಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ‘ತ’ ಮತ್ತು ‘ಟ’ಗಳ ಭೇದವನ್ನು ಗುರುತಿಸಿದವು, ಹತ್ತರಿಂದ ಹನ್ನೆರಡು ತಿಂಗಳ ಶಿಶುಗಳಲ್ಲಿ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು. ಅದೇ ಭೇದ ಕನ್ನಡಕ್ಕೂ ಇದೆ. ಕಿವಿಯ ಪಾಠ ತೊಟ್ಟಿಲಲ್ಲಿಯೇ ಆರಂಭವಾಗಿರುತ್ತದೆ. ನಮ್ಮ ತರಗತಿಗೆ ಮಗುವನ್ನು ಸೇರಿಸುವುದು ಐದನೆಯ ವರ್ಷಕ್ಕೆ.

‘ಹಾಗಾದರೆ ಯೂಟ್ಯೂಬಿನಲ್ಲಿ ಕನ್ನಡ ಕಾರ್ಟೂನು ಹಾಕಿಕೊಟ್ಟರಾಯಿತು, ಸಹಜವಾಗಿ ಕಲಿಯುತ್ತದೆ’ ಎನ್ನುವವರಿದ್ದಾರೆ. ಇದು ಇನ್ನೊಂದು ತುದಿಯ ಭ್ರಮೆ. ಪೆಟ್ರಿಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳೊಂದಿಗೆ ಚೀನೀ ಭಾಷಿಕರು 12 ಸಲ ಆಡಿ, ಪುಸ್ತಕ ಓದಿ ಹೇಳಿದರು. ಆ ಶಿಶುಗಳು ಚೀನೀ ಧ್ವನಿಭೇದವನ್ನು ಕಲಿತವು. ಅದನ್ನೇ ಪರದೆಯ ಮೇಲೆ ನೋಡಿದ ಶಿಶುಗಳು ಕಲಿಯಲಿಲ್ಲ. ಎದುರಿಗೊಬ್ಬ ಮನುಷ್ಯ ಇರಬೇಕು. ಆ ಮನುಷ್ಯನಿಗೆ ನಾವು ಏನಾದರೂ ಹೇಳಲೇಬೇಕೆನಿಸಬೇಕು.

ಇನ್ನೊಂದು ಹೆದರಿಕೆಯನ್ನು ಇಲ್ಲಿಯೇ ನಿವಾರಿಸುವೆ: ಎರಡು ಭಾಷೆಗಳಿಂದ ಮಗುವಿನ ಮಾತು ತಡವಾಗುವುದಿಲ್ಲ. ಮಾತು ನಿಜವಾಗಿ ತಡವಾಗಿದ್ದರೆ ಅದು ಎರಡೂ ಭಾಷೆಗಳಲ್ಲಿ ಕಾಣುತ್ತದೆ, ಅದಕ್ಕೆ ತಪಾಸಣೆ ಬೇಕು. ಕನ್ನಡವನ್ನು ನಿಲ್ಲಿಸುವುದು ಅದಕ್ಕೆ ಚಿಕಿತ್ಸೆಯಲ್ಲ.

ಬೇರೆ ದಾರಿಯ ನಿದರ್ಶನಕ್ಕೆ ಬ್ರಿಟನ್ನಿನಲ್ಲಿರುವ ನಾವು ದೂರ ಹೋಗಬೇಕಿಲ್ಲ. ಪಕ್ಕದ ವೇಲ್ಸ್‌ನಲ್ಲಿ 1971ರಲ್ಲಿ ಆರಂಭವಾದ ‘ಮುದಿಯಾದ್ ಮೈಥ್ರಿನ್’ ಸಂಸ್ಥೆಯ ಶಿಶುಕೂಟಗಳಲ್ಲಿ, ಮನೆಯಲ್ಲಿ ವೆಲ್ಷ್ ಇಲ್ಲದ ಮಕ್ಕಳೂ ಆಡುತ್ತ, ಹಾಡುತ್ತ, ತಿನ್ನುತ್ತ ವೆಲ್ಷ್ ಕಲಿಯುತ್ತಾರೆ. ಓದುಬರಹ ನಂತರದ್ದು. ನಮ್ಮ ನಾಡಿಗೂ ಇದು ಹೊಸದಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಬೆಂಗಳೂರಿನ ಮಾರುಕಟ್ಟೆಯಲ್ಲಿ ನಾಲ್ಕು ಭಾಷೆಗಳಲ್ಲಿ ಚೌಕಾಸಿ ಮಾಡುವ ತರಕಾರಿಯವರು ಯಾವ ವ್ಯಾಕರಣ ಓದಿದ್ದರು?

ವ್ಯಾಕರಣವೇ ಬೇಡ, ಲಿಪಿಯೇ ಬೇಡ ಎಂಬುದು ನನ್ನ ವಾದವಲ್ಲ. ಕೆನಡಾದಲ್ಲಿ 1965ರಿಂದ ನಡೆದ ಫ್ರೆಂಚ್ ಮಾಧ್ಯಮದ ಪ್ರಯೋಗಗಳಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳು ಫ್ರೆಂಚನ್ನು ಬಹಳ ಚೆನ್ನಾಗಿ ಗ್ರಹಿಸಿದರು. ಆದರೆ ಅವರ ಮಾತಿನಲ್ಲಿ ದೋಷಗಳು ವರ್ಷಗಟ್ಟಲೆ ಉಳಿದವು. ಕೇಳಿಸಿಕೊಂಡರೆ ಸಾಲದು, ಆಡಲೇಬೇಕಾದ ಸಂದರ್ಭವೂ ಬೇಕೆಂದು ಮೆರಿಲ್ ಸ್ವೇನ್ ವಾದಿಸಿದ್ದು ಇದನ್ನು ಕಂಡೇ. ಮಾತು ಬಂದ ಮಗುವಿಗೆ ಎಂಟನೆಯ ವಯಸ್ಸಿನಲ್ಲಿ ಲಿಪಿ ಕಲಿಸಿದರೆ ಅದು ಓದಲು ಹಿಂಜರಿಯದು, ಏಕೆಂದರೆ ಪ್ರತಿ ಪದವೂ ಪರಿಚಿತ ಮುಖದಂತೆ ಕಾಣುತ್ತದೆ. ಗುಜರಾತಿ, ಬಂಗಾಳಿ, ಪಂಜಾಬಿ, ಉರ್ದು ಕಲಿಯುವವರಿಗೆ ಇಲ್ಲಿ ಜಿ.ಸಿ.ಎಸ್.ಇ. ಪರೀಕ್ಷೆಯಿದೆ, ಕನ್ನಡಕ್ಕಿಲ್ಲ. ಇದನ್ನು ಕೊರತೆಯೆಂದು ಹಲವರು ಕೊರಗುತ್ತಾರೆ. ಪರೀಕ್ಷೆಯ ಹಂಗೇ ಇಲ್ಲದ ನಾವು ಪರೀಕ್ಷಾ ಕ್ರಮವನ್ನೇಕೆ ಹೊತ್ತು ತಿರುಗುತ್ತಿದ್ದೇವೆ?

ಇದರಲ್ಲಿ ಪಣಕ್ಕಿಟ್ಟಿರುವುದು ಸಾಂಸ್ಕೃತಿಕ ಅಭಿಮಾನವಷ್ಟೇ ಅಲ್ಲ. ಮರೆವಿನ ರೋಗ ಬಂದಾಗ ನಂತರ ಕಲಿತ ಭಾಷೆ ಮೊದಲು ಜಾರಿ, ಬಾಲ್ಯದ ಭಾಷೆ ಉಳಿಯುವುದನ್ನು ಅನೇಕ ವೃದ್ಧರಲ್ಲಿ ಕಾಣುತ್ತೇವೆ. ನಮ್ಮ ಪೀಳಿಗೆಯೂ ಈ ನೆಲದಲ್ಲಿಯೇ ಮುದಿಯಾಗಲಿದೆ. ನಲವತ್ತು ವರ್ಷ ಇಂಗ್ಲಿಷಿನಲ್ಲಿ ದುಡಿದ ತಂದೆ ಎಂಬತ್ತರಲ್ಲಿ ‘ಎದೆ ಉರೀತಿದೆ’, ‘ಯಾಕೋ ಭಯ ಆಗ್ತಿದೆ’ ಎಂದಾಗ ಹಾಸಿಗೆಯ ಪಕ್ಕದಲ್ಲಿ ಕುಳಿತ ಮಗಳಿಗೆ ಅದು ಅರ್ಥವಾಗಬೇಡವೇ? ಆಗ ಕಾಗುಣಿತ ನೆರವಿಗೆ ಬರುವುದಿಲ್ಲ.

ಸೆಪ್ಟೆಂಬರಿನಲ್ಲಿ ಹೊಸ ವರ್ಷದ ತರಗತಿಗಳು ಆರಂಭವಾಗುತ್ತವೆ. ಎಂಟು ವರ್ಷದೊಳಗಿನ ಗುಂಪಿಗೆ ಮೊದಲ ವರ್ಷ ಪುಸ್ತಕ, ಪೆನ್ಸಿಲ್ ಎರಡೂ ಬೇಡವೆಂದು ಸಮಿತಿಯ ಮುಂದೆ ಪ್ರಸ್ತಾಪಿಸುತ್ತಿದ್ದೇನೆ. ನಾವು ಬಾಡಿಗೆಗೆ ಪಡೆಯುವ ಸಭಾಂಗಣದಲ್ಲಿ ಅಡುಗೆಮನೆಯಿದೆ, ಹೊರಗೆ ಹುಲ್ಲುಹಾಸಿದೆ. ಚಿತ್ರಾನ್ನ ಕಲಸುವುದು, ಕುಂಟೆಬಿಲ್ಲೆ, ಚೌಕಾಬಾರ, ಊರಿನಿಂದ ಬಂದಿರುವ ಅಜ್ಜ ಅಜ್ಜಿಯರ ಕಥೆ, ಎಲ್ಲವೂ ಕನ್ನಡದಲ್ಲಿ. ಮಂಡ್ಯದ ಮಾತೂ ಇರಲಿ, ಹುಬ್ಬಳ್ಳಿಯ ಮಾತೂ ಇರಲಿ. ಪಾಲಕರು ಆ ಎರಡು ಗಂಟೆ ಕಾರಿನಲ್ಲಿ ಕುಳಿತು ಫೋನು ನೋಡುವಂತಿಲ್ಲ. ಒಳಗೆ ಬಂದು ಈರುಳ್ಳಿ ಹೆಚ್ಚಬೇಕು, ಮತ್ತು ಹೆಚ್ಚುವಾಗ ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತನಾಡಬಾರದು. ಈ ಕೊನೆಯ ಷರತ್ತಿಗೆ ಅತಿ ಹೆಚ್ಚಿನ ವಿರೋಧ ಬರುವುದೆಂದು ಬಲ್ಲೆ.